ಬಾಕಿ ಬಿಲ್ ವಸೂಲಿ ಹೇಗೆ? ಸಣ್ಣ ಉದ್ಯಮಿಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪೀಣ್ಯದ ಮಷಿನ್ ಶಾಪ್ ಆಗಲಿ, ಹುಬ್ಬಳ್ಳಿ ಗೋಕುಲ ರೋಡಿನ ಫ್ಯಾಬ್ರಿಕೇಶನ್ ಯೂನಿಟ್ ಆಗಲಿ, ಬೆಳಗಾವಿ ಉದ್ಯಮಬಾಗಿನ ಫೌಂಡ್ರಿ ಆಗಲಿ, ಮಾಲೀಕರನ್ನು ಮಾತಿಗೆ ಎಳೆದರೆ ಪೇಮೆಂಟ್ ವಿಷಯ ಬಂದೇ ಬರುತ್ತದೆ. ಮಾಲು ಹೋಗಿ ತಿಂಗಳುಗಳಾಗಿವೆ, ಬಿಲ್ ಕೊಟ್ಟಾಗಿದೆ, ದುಡ್ಡು ಮಾತ್ರ ಬಂದಿಲ್ಲ. ಪಾರ್ಟಿ ಕೊಡಲಿ ಬಿಡಲಿ, ಬಿಲ್ ಹಾಕಿದ ಮೇಲೆ ಜಿಎಸ್‌ಟಿಯನ್ನು ನೀವು ಸಮಯಕ್ಕೆ ಸರಿಯಾಗಿ ಕಟ್ಟಲೇಬೇಕು. ಹುಡುಗರ ಸಂಬಳ, ಕರೆಂಟ್ ಬಿಲ್, ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್) ಮೇಲಿನ ಬಡ್ಡಿ ಯಾವುದೂ ನಿಲ್ಲುವುದಿಲ್ಲ. ಅಂದರೆ ದೊಡ್ಡ ಕಂಪನಿಗೆ ನೀವು ಬಡ್ಡಿ ಇಲ್ಲದೆ ಸಾಲ ಕೊಟ್ಟ ಹಾಗಾಯಿತು, ಅದೂ ಬ್ಯಾಂಕಿನಿಂದ ಬಡ್ಡಿಗೆ ತಂದು.

ತುಂಬಾ ಜನ ಕೇಳುವುದಕ್ಕೇ ಸಂಕೋಚ ಪಡುತ್ತಾರೆ. ಜಾಸ್ತಿ ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ ಅನ್ನುವ ಭಯ. ನನ್ನ ಅನುಭವದಲ್ಲಿ ಆಗುವುದು ಇದರ ಉಲ್ಟಾ. ಅಕೌಂಟ್ಸ್‌ನವರ ಹತ್ತಿರ ತಿಂಗಳಿಗೆ ಇಷ್ಟೇ ದುಡ್ಡು ಅಂತ ಇರುತ್ತದೆ, ಅದರಲ್ಲಿ ಮೊದಲು ಹೋಗುವುದು ಪೇಪರ್ ಕ್ಲೀನ್ ಇದ್ದು ಸಮಯಕ್ಕೆ ಸರಿಯಾಗಿ ಕೇಳುವವರಿಗೆ. ಸುಮ್ನೆ ಇರುವವರ ಬಿಲ್ ಕೆಳಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ವಸೂಲಿ ಅಂದರೆ ಜಗಳ ಅಂತ ತಿಳಿಯಬೇಡಿ. ತಾರೀಖು ಮತ್ತು ಪೇಪರ್ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು, ಬೇಗ ಶುರು ಮಾಡಿ, ಸಮಾಧಾನವಾಗಿ ಮುಂದುವರಿಸುವ ಕೆಲಸ ಅದು.

ಹಂತ 1: ಉದ್ಯಮ್ ರಿಜಿಸ್ಟ್ರೇಶನ್ ಇದೆಯಾ ನೋಡಿಕೊಳ್ಳಿ

ಉದ್ಯಮ್ ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಮುಂದೆ ಹೇಳುವ ಕಾನೂನಿನ ಬಲದಲ್ಲಿ ಬಹುಪಾಲು ಸಿಗುವುದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ 2006ರಿಂದ. ಅದರಲ್ಲಿನ ತಡ ಪಾವತಿಯ ರಕ್ಷಣೆ ಮೈಕ್ರೋ ಮತ್ತು ಸ್ಮಾಲ್ ಉದ್ಯಮಗಳಿಗೆ ಮಾತ್ರ, ಮೀಡಿಯಂಗೆ ಇಲ್ಲ. 2025ರ ಏಪ್ರಿಲ್ 1ರಿಂದ ಮಿತಿಗಳು ಹೆಚ್ಚಾಗಿವೆ: ಮೈಕ್ರೋ ಅಂದರೆ ಯಂತ್ರೋಪಕರಣಗಳ ಹೂಡಿಕೆ ₹2.5 ಕೋಟಿವರೆಗೆ, ವಹಿವಾಟು ₹10 ಕೋಟಿವರೆಗೆ. ಸ್ಮಾಲ್ ಅಂದರೆ ಹೂಡಿಕೆ ₹25 ಕೋಟಿ, ವಹಿವಾಟು ₹100 ಕೋಟಿವರೆಗೆ. ನಮ್ಮ ಕಡೆಯ ಬಹಳಷ್ಟು ಯೂನಿಟ್‌ಗಳು ಇದರೊಳಗೇ ಬರುತ್ತವೆ.

ರಿಜಿಸ್ಟ್ರೇಶನ್ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್‌ಗಳ ಕಡೆ ಹೋಗಬೇಡಿ. ಮುಖ್ಯ ವಿಷಯ ಏನೆಂದರೆ, ಇದನ್ನು ಮಾಲು ಕಳಿಸುವ ಮೊದಲೇ ಮಾಡಿಸಿಕೊಳ್ಳಬೇಕು. ದುಡ್ಡು ಸಿಕ್ಕಿಹಾಕಿಕೊಂಡ ಮೇಲೆ ರಿಜಿಸ್ಟರ್ ಮಾಡಿಸಿ ಹಳೆಯ ಬಿಲ್‌ಗಳಿಗೆ ಇದೇ ಕಾಯ್ದೆ ಹಿಡಿದುಕೊಂಡು ಹೋದರೆ ಎದುರು ಪಾರ್ಟಿಯ ವಕೀಲರು ಮೊದಲು ಎತ್ತುವ ತಕರಾರೇ ಅದು. ಉದ್ಯಮ್ ನಂಬರನ್ನು ಪ್ರತಿ ಬಿಲ್ ಮೇಲೂ ಪ್ರಿಂಟ್ ಆಗುವ ಹಾಗೆ ಟ್ಯಾಲಿಯಲ್ಲಿ (ಲೆಕ್ಕದ ಸಾಫ್ಟ್‌ವೇರ್) ಸೆಟ್ ಮಾಡಿಬಿಡಿ.

ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಒಂದು ಎಚ್ಚರಿಕೆ. 2021ರಲ್ಲಿ ರೀಟೇಲ್ ಮತ್ತು ಹೋಲ್‌ಸೇಲ್ ವ್ಯಾಪಾರಕ್ಕೂ ಉದ್ಯಮ್ ರಿಜಿಸ್ಟ್ರೇಶನ್ ಕೊಟ್ಟರು, ಆದರೆ ಅದು ಬ್ಯಾಂಕ್ ಸಾಲದ ಅನುಕೂಲಕ್ಕೆ ಮಾತ್ರ. ತಡ ಪಾವತಿಯ ರಕ್ಷಣೆ ಅವರಿಗೆ ಸಿಗುವುದಿಲ್ಲ. ನೀವು ವ್ಯಾಪಾರಿಯಾಗಿದ್ದರೆ 2, 3, 4, 6 ಮತ್ತು 8ನೇ ಹಂತಗಳು, ಜೊತೆಗೆ 5ನೇ ಹಂತದ ಜಿಎಸ್‌ಟಿ ಭಾಗ, ಇಷ್ಟೇ ನಿಮ್ಮ ದಾರಿ.

ಹಂತ 2: ದುಡ್ಡು ಯಾಕೆ ನಿಂತಿದೆ ಅಂತ ಮೊದಲು ಕಂಡುಹಿಡಿಯಿರಿ

ಇಲ್ಲಿ ಸ್ವಲ್ಪ ಹೊತ್ತು ಕೂತು ಕೆಲಸ ಮಾಡಿದರೆ ಮುಂದಿನ ಅರ್ಧ ಓಡಾಟ ಉಳಿಯುತ್ತದೆ. ಟ್ಯಾಲಿಯಿಂದ ಪಾರ್ಟಿವಾರು ಔಟ್‌ಸ್ಟ್ಯಾಂಡಿಂಗ್ ತೆಗೆಯಿರಿ. 30 ದಿನದೊಳಗಿನದು, 30ರಿಂದ 45, 45ರಿಂದ 90, 90 ದಾಟಿದ್ದು ಅಂತ ಬೇರೆ ಬೇರೆ ಮಾಡಿ. ಆಮೇಲೆ ಪ್ರತಿ ದೊಡ್ಡ ಬಿಲ್ ಎದುರಿಗೂ ಕಾರಣ ಬರೆಯಿರಿ. ಕಾರಣ ಗೊತ್ತಿಲ್ಲದಿದ್ದರೆ ಫೋನ್ ಮಾಡಿ ಕೇಳಿ ಬರೆಯಿರಿ.

ಪಾರ್ಟಿ ಕೊಡುತ್ತಿಲ್ಲ ಅಂತ ನಾವು ಬೈದುಕೊಳ್ಳುವ ಎಷ್ಟೋ ಬಿಲ್‌ಗಳು ನಿಜಕ್ಕೂ ಅವರ ಸಿಸ್ಟಂ ಒಳಗೇ ಹೋಗಿರುವುದಿಲ್ಲ. ಮಾಲು ಗೇಟಿನಲ್ಲಿ ಇಳಿದಿದೆ, ಸ್ಟೋರ್ಸ್‌ನವರು ಜಿಆರ್‌ಎನ್ (ಮಾಲು ಬಂದ ದಾಖಲೆ) ಮಾಡಿಲ್ಲ. ಪಿಒ (ಪರ್ಚೇಸ್ ಆರ್ಡರ್) ನಂಬರ್ ಹಳೆಯದು ಹಾಕಿದ್ದೀರಿ. ಪಿಒ ರೇಟಿಗೂ ಬಿಲ್ ರೇಟಿಗೂ ಎರಡು ರೂಪಾಯಿ ವ್ಯತ್ಯಾಸ ಇದೆ. ಇನ್ಸ್‌ಪೆಕ್ಷನ್ ರಿಪೋರ್ಟ್ ಹೋಗಿಲ್ಲ. ಇನ್ನೊಂದು ತುಂಬಾ ಸಾಮಾನ್ಯವಾದದ್ದು: ನೀವು ಜಿಎಸ್‌ಟಿಆರ್-1ರಲ್ಲಿ (ಮಾರಾಟದ ರಿಟರ್ನ್) ಆ ಬಿಲ್ ತೋರಿಸಿಲ್ಲ, ಹಾಗಾಗಿ ಅವರ 2ಬಿಯಲ್ಲಿ (ಅವರಿಗೆ ಸಿಗುವ ಕ್ರೆಡಿಟ್ ಪಟ್ಟಿ) ಬಂದಿಲ್ಲ, ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯ ವಜಾ) ಸಿಗದ ಬಿಲ್ಲಿಗೆ ಅವರು ದುಡ್ಡು ಬಿಡುವುದಿಲ್ಲ. ಇವೆಲ್ಲ ನೀವೇ ಸರಿ ಮಾಡಬಹುದಾದವು. ಒಂದು ಮೇಲ್, ಒಂದು ಪೇಪರ್, ಅಷ್ಟೇ.

ಎರಡನೆಯ ಗುಂಪು ತಕರಾರಿನದು. ಇಷ್ಟು ಪೀಸ್ ರಿಜೆಕ್ಟ್ ಆಗಿದೆ, ಸೈಜ್ ಸರಿ ಇಲ್ಲ, ತೂಕ ಕಡಿಮೆ ಅಂತ ಹೇಳಿರುತ್ತಾರೆ. ಇದನ್ನು ಎಳೆಯಬೇಡಿ. ತಪ್ಪು ನಿಜವಾಗಿದ್ದರೆ ಅಷ್ಟಕ್ಕೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಕಡಿಮೆ ಮಾಡುವ ಪತ್ರ) ಕೊಟ್ಟು ಉಳಿದ ಮೊತ್ತ ತಕ್ಷಣ ಕೇಳಿ. ಹತ್ತು ಸಾವಿರದ ರಿಜೆಕ್ಷನ್ ಹಿಡಿದುಕೊಂಡು ಮೂರು ಲಕ್ಷದ ಬಿಲ್ ನಿಲ್ಲಿಸುವುದಕ್ಕೆ ಅವರಿಗೆ ಅವಕಾಶ ಕೊಡಬೇಡಿ. ಜಿಎಸ್‌ಟಿ ಕಡಿಮೆ ಆಗುವ ಕ್ರೆಡಿಟ್ ನೋಟಿಗೆ ಗಡುವು ಇದೆ. ಆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು.

ಮೂರನೆಯವರು ನಿಜವಾಗಿ ಕೈ ಕಟ್ಟಿಹೋದವರು, ಅವರಿಗೇ ಮೇಲಿಂದ ದುಡ್ಡು ಬಂದಿಲ್ಲ. ನಾಲ್ಕನೆಯವರಿಗೆ ಕೊಡುವ ಮನಸ್ಸೇ ಇಲ್ಲ. ಮೂರನೆಯವರಿಗೆ ಕಂತು, ನಾಲ್ಕನೆಯವರಿಗೆ ನೋಟಿಸ್. ಇಬ್ಬರ ಹತ್ತಿರವೂ ಒಂದೇ ಥರ ನಡೆದುಕೊಂಡರೆ ಒಳ್ಳೆಯ ಪಾರ್ಟಿ ಕಳೆದುಕೊಳ್ಳುತ್ತೀರಿ, ಕೆಟ್ಟವನಿಗೆ ಇನ್ನಷ್ಟು ಸಮಯ ಕೊಡುತ್ತೀರಿ.

ಹಂತ 3: ಫಾಲೋ ಅಪ್ ಡ್ಯೂ ಡೇಟ್‌ಗಿಂತ ಮೊದಲೇ ಶುರುವಾಗಲಿ

ಒಂದು ವಾರ ಮೊದಲೇ ಸಣ್ಣ ಮೆಸೇಜ್ ಹೋಗಲಿ. ಇದರಲ್ಲಿ ದುಡ್ಡು ಕೇಳುವುದೇ ಇಲ್ಲ, ಪೇಪರ್ ಸರಿ ಇದೆಯಾ ಅಂತ ವಿಚಾರಿಸುವುದಷ್ಟೇ:

"ನಮಸ್ಕಾರ ಸರ್. ನಮ್ಮ ಬಿಲ್ ನಂಬರ್ 118, ಮೊತ್ತ ₹2,36,000, ಇದೇ 14ಕ್ಕೆ ಡ್ಯೂ ಇದೆ. ಜಿಆರ್‌ಎನ್ ಆಗಿ ನಿಮ್ಮಲ್ಲಿ ಬುಕ್ ಆಗಿದೆಯಾ? ಯಾವುದಾದರೂ ಪೇಪರ್ ಬೇಕಿದ್ದರೆ ಇವತ್ತೇ ಕಳಿಸುತ್ತೇನೆ."

ಡ್ಯೂ ದಾಟಿದ ಮೂರನೇ ದಿನ ಫೋನ್ ಮಾಡಿ. ಬೆಳಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ಸೋಮವಾರ ಬೆಳಗ್ಗೆ ಮತ್ತು ತಿಂಗಳ ಕೊನೆಯ ದಿನಗಳಲ್ಲಿ ಅಕೌಂಟ್ಸ್‌ನವರಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಆ ಕಂಪನಿಯಲ್ಲಿ ಪೇಮೆಂಟ್ ಬಿಡುವ ದಿನ ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಕೆಲವರು ವಾರಕ್ಕೊಮ್ಮೆ, ಕೆಲವರು ತಿಂಗಳಿಗೆ ಎರಡು ಸಲ. ಅದಕ್ಕೆ ಎರಡು ದಿನ ಮೊದಲು ಕೇಳಿದರೆ ನಿಮ್ಮ ಹೆಸರು ಲಿಸ್ಟಿನಲ್ಲಿ ಸೇರುತ್ತದೆ. ಮಾರನೇ ದಿನ ಕೇಳಿದರೆ ಇನ್ನೊಂದು ಸುತ್ತು ಕಾಯಬೇಕು.

"ಮುಂದಿನ ವಾರ ಮಾಡೋಣ ಸರ್" ಅಂದರೆ ಅಲ್ಲಿಗೇ ಫೋನ್ ಇಡಬೇಡಿ. "ಮುಂದಿನ ವಾರ ಯಾವತ್ತು ಸರ್? ಗುರುವಾರ ಅಂತ ಬರೆದುಕೊಳ್ಳಲಾ?" ಅಂತ ಕೇಳಿ. ಪೂರ್ತಿ ಆಗುತ್ತದಾ, ಎಷ್ಟು ಆಗುತ್ತದೆ ಅಂತಲೂ ಕೇಳಿ. ಫೋನ್ ಮುಗಿದ ಕೂಡಲೇ ವಾಟ್ಸಾಪ್ ಅಥವಾ ಮೇಲ್ ಹಾಕಿ: "ಈಗ ಮಾತಾಡಿದ ಹಾಗೆ ಬಿಲ್ 118ರ ₹2,36,000 ಗುರುವಾರ ಬಿಡುತ್ತೇನೆ ಅಂದಿದ್ದೀರಿ, ಧನ್ಯವಾದ ಸರ್." ಅವರು ಸರಿ ಅಂದರೆ ಅದೇ ದಾಖಲೆ. ಗುರುವಾರ ಬರಲಿಲ್ಲವೋ, ಶುಕ್ರವಾರ ಬೆಳಗ್ಗೆ ಅದೇ ಮೆಸೇಜಿಗೆ ರಿಪ್ಲೈ ಮಾಡಿ ಕೇಳಿ. ಮಾತು ಮೃದುವಾಗಿರಲಿ, ತಾರೀಖು ಮಾತ್ರ ಬಿಡಬೇಡಿ.

ಯಾರನ್ನು ಕೇಳಬೇಕು ಅನ್ನುವುದಕ್ಕೂ ಕ್ರಮ ಇದೆ. ಮೊದಲು ಅಕೌಂಟ್ಸ್, ಆಮೇಲೆ ನಿಮಗೆ ಆರ್ಡರ್ ಕೊಟ್ಟ ಪರ್ಚೇಸ್‌ನವರು, ಕೊನೆಗೆ ಮಾಲೀಕರು ಅಥವಾ ಫೈನಾನ್ಸ್ ಹೆಡ್. ಮುಂದಿನ ಮಾಲು ಬೇಕಾಗಿರುವುದು ಪರ್ಚೇಸ್‌ನವರಿಗೆ, ಅದಕ್ಕೇ ಅವರ ಮಾತು ಒಳಗೆ ನಡೆಯುತ್ತದೆ. ಸ್ಟೋರ್ಸ್‌ನ ಅಣ್ಣನನ್ನೂ ಮರೆಯಬೇಡಿ, ಜಿಆರ್‌ಎನ್ ಯಾವಾಗ ಆಯಿತು ಅಂತ ಸರಿಯಾಗಿ ಹೇಳುವವರು ಅವರೊಬ್ಬರೇ.

ಪಾರ್ಟಿ ರೌಂಡ್ ಮೊತ್ತ ಹಾಕಿ, ಯಾವ ಬಿಲ್ಲಿಗೆ ಅಂತ ಹೇಳದೆ ಇದ್ದರೆ? ಯಾವ ಸಾಲಕ್ಕೆ ಅಂತ ಕೊಟ್ಟವನು ತಿಳಿಸದಿದ್ದಾಗ, ಬರಬೇಕಾದ ಯಾವ ಬಾಕಿಗೆ ಬೇಕಾದರೂ ಜಮಾ ಮಾಡಿಕೊಳ್ಳುವ ಹಕ್ಕು ನಿಮಗಿದೆ. ಭಾರತೀಯ ಒಪ್ಪಂದ ಕಾಯ್ದೆಯ 60ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಹಳೆಯ ಬಿಲ್ಲಿಗೆ ಜಮಾ ಮಾಡಿ, ಹಾಗೆ ಮಾಡಿದ್ದೀರಿ ಅಂತ ಒಂದು ಮೇಲ್ ಕಳಿಸಿ.

ಹಂತ 4: ಬ್ಯಾಲೆನ್ಸ್ ಕನ್ಫರ್ಮೇಶನ್ ಬರೆಸಿಕೊಳ್ಳಿ

ಬಾಕಿ ಹಣಕ್ಕೆ ಕೋರ್ಟಿಗೆ ಹೋಗಲು ಇರುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಪರಿಚಯದವರು, ಕೊಟ್ಟೇ ಕೊಡುತ್ತಾರೆ ಅಂತ ಕೂತರೆ ಮೂರು ವರ್ಷ ಹೋಗುವುದು ಗೊತ್ತೇ ಆಗುವುದಿಲ್ಲ. ಆದರೆ ಆ ಅವಧಿ ಮುಗಿಯುವ ಮೊದಲು ಪಾರ್ಟಿ ಬರವಣಿಗೆಯಲ್ಲಿ ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಲಿಮಿಟೇಶನ್ ಕಾಯ್ದೆಯ 18ನೇ ಸೆಕ್ಷನ್. ದಾಖಲೆ ಇರುವ ಭಾಗಶಃ ಪಾವತಿಗೂ 19ನೇ ಸೆಕ್ಷನ್‌ನಲ್ಲಿ ಇದೇ ಅನುಕೂಲ ಇದೆ.

ಹಾಗಾಗಿ ಪ್ರತಿ ವರ್ಷ ಮಾರ್ಚ್ 31ರ ಬ್ಯಾಲೆನ್ಸ್ ಹಾಕಿ ಲೆಡ್ಜರ್ ಕಳಿಸಿ, ಸೀಲು ಸಹಿ ಮಾಡಿಸಿ ವಾಪಸ್ ತರಿಸಿಕೊಳ್ಳಿ. ಆಡಿಟ್‌ಗೆ ಬೇಕು ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ನಿಜವಾಗಿಯೂ ಆಡಿಟ್‌ಗೆ ಬೇಕಲ್ವಾ.

ಇನ್ನೊಂದು ಸಾಕ್ಷಿ ನಿಮ್ಮ ಕೈಯಲ್ಲೇ ಇರಬಹುದು. ನಿಮ್ಮ 26ಎಎಸ್ (ನಿಮ್ಮ ಹೆಸರಿನಲ್ಲಿ ಕಡಿತವಾದ ಆದಾಯ ತೆರಿಗೆಯ ಪಟ್ಟಿ) ತೆಗೆದು ನೋಡಿ. ದುಡ್ಡು ಕೊಡದಿದ್ದರೂ ಆ ಬಿಲ್ಲಿಗೆ ಪಾರ್ಟಿ ಟಿಡಿಎಸ್ ಹಿಡಿದಿದ್ದರೆ, ಅವರ ಪುಸ್ತಕದಲ್ಲಿ ನಿಮ್ಮ ಬಿಲ್ ಬುಕ್ ಆಗಿದೆ ಅಂತಲೇ ಅರ್ಥ. ಬಿಲ್ ಬಂದೇ ಇಲ್ಲ ಅಂತ ವಾದ ಮಾಡುವವರ ಮುಂದೆ ಇದನ್ನಿಡಿ.

ಬಿಲ್, ಪಿಒ, ಡೆಲಿವರಿ ಚಲನ್, ಲಾರಿ ರಸೀದಿ, ಇ-ವೇ ಬಿಲ್, ಮೇಲ್, ವಾಟ್ಸಾಪ್ ಎಲ್ಲ ಒಂದು ಫೋಲ್ಡರಿನಲ್ಲಿ ಇರಲಿ. ವಾಟ್ಸಾಪ್ ಚಾಟ್ ಕೋರ್ಟಿನಲ್ಲಿ ನಡೆಯುತ್ತದೆ, ಆದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಫೋನ್ ಬದಲಾಯಿಸುವಾಗ ಚಾಟ್ ಅಳಿಸಿ ಹೋಗದಂತೆ ನೋಡಿಕೊಳ್ಳಿ.

ಹಂತ 5: ಕಾನೂನು ಏನು ಹೇಳುತ್ತದೆ ಅಂತ ಪತ್ರದಲ್ಲಿ ತಿಳಿಸಿ

ಫೋನಿಗೆ ಬಗ್ಗದ ಪಾರ್ಟಿ ಎಷ್ಟೋ ಸಲ ಈ ಒಂದು ಪತ್ರಕ್ಕೆ ಬಗ್ಗುತ್ತಾನೆ. ಯಾಕೆಂದರೆ ತಡ ಮಾಡಿದರೆ ಅವನಿಗೇ ನಷ್ಟ ಆಗುವ ವಿಷಯಗಳು ಇದರಲ್ಲಿವೆ.

ಮೊದಲನೆಯದು 45 ದಿನ. ಮೈಕ್ರೋ ಅಥವಾ ಸ್ಮಾಲ್ ಉದ್ಯಮಕ್ಕೆ, ಒಪ್ಪಂದ ಇದ್ದರೆ ಅದರಲ್ಲಿನ ದಿನಕ್ಕೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ಪಿಒದಲ್ಲಿ 90 ದಿನ ಅಂತ ಬರೆದಿದ್ದರೂ 45ಕ್ಕಿಂತ ಜಾಸ್ತಿ ಇಲ್ಲ. ಲೆಕ್ಕ ಶುರುವಾಗುವುದು ಮಾಲನ್ನು ಒಪ್ಪಿಕೊಂಡ ದಿನದಿಂದ. ಮಾಲು ಸಿಕ್ಕ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ, ಮಾಲು ಸಿಕ್ಕ ದಿನವೇ ಒಪ್ಪಿಕೊಂಡ ದಿನ.

ಎರಡನೆಯದು ಬಡ್ಡಿ. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ 5.50 ಇದ್ದರೆ ಬಡ್ಡಿ ವರ್ಷಕ್ಕೆ ಶೇ 16.5. ನಮ್ಮ ₹2,36,000ದ ಬಿಲ್ಲಿಗೆ ಮೊದಲ ತಿಂಗಳೇ ₹3,245. ಈ ಬಡ್ಡಿಯನ್ನು ಪಾರ್ಟಿ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ಜೋರಾಗಿ ಕೆಲಸ ಮಾಡುತ್ತದೆ. ಇದು ಆದಾಯ ತೆರಿಗೆಯ ನಿಯಮ, ಸಿಎಗಳ ಬಾಯಲ್ಲಿ 43ಬಿ(ಎಚ್) ಅಂತಲೇ ಪ್ರಸಿದ್ಧ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ಮೇಲೆ ಹೇಳಿದ ಗಡುವು ಮೀರಿ ಮಾರ್ಚ್ 31ಕ್ಕೂ ಕೊಡದೆ ಉಳಿಸಿಕೊಂಡರೆ, ಆ ಖರೀದಿಯನ್ನು ಆ ವರ್ಷ ಖರ್ಚಾಗಿ ತೋರಿಸಲು ಆಗುವುದಿಲ್ಲ, ಕೊಟ್ಟ ವರ್ಷವೇ ಸಿಗುವುದು. ಅಂದರೆ ಪಾರ್ಟಿಗೆ ಆ ವರ್ಷ ತೆರಿಗೆ ಏರುತ್ತದೆ. ಹಾಗಾಗಿ ಹಳೆಯ ಬಾಕಿಗೆ ಫೆಬ್ರವರಿಯಲ್ಲಿ ಪತ್ರ ಬರೆಯಿರಿ, ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿ, ಸಾಧ್ಯವಾದರೆ ಒಂದು ಪ್ರತಿ ಅವರ ಅಕೌಂಟ್ಸ್ ಹೆಡ್‌ಗೂ ಹೋಗಲಿ. ಮಾರ್ಚ್‌ನಲ್ಲಿ ಅವರ ಆಡಿಟರೇ ನಿಮ್ಮ ಪರ ಮಾತಾಡುತ್ತಾರೆ.

ನಾಲ್ಕನೆಯದು ಜಿಎಸ್‌ಟಿ. ಬಿಲ್ ತಾರೀಖಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ ಪಾರ್ಟಿ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಇದು ವ್ಯಾಪಾರಿಗಳ ಬಿಲ್ಲಿಗೂ ಅನ್ವಯ. ಪಾರ್ಟಿ ಕಂಪನಿಯಾಗಿದ್ದರೆ, 45 ದಿನ ದಾಟಿದ ಮೈಕ್ರೋ ಮತ್ತು ಸ್ಮಾಲ್ ಬಾಕಿಗಳನ್ನು ಎಂಎಸ್‌ಎಂಇ ಫಾರ್ಮ್ 1ರಲ್ಲಿ ಆರು ತಿಂಗಳಿಗೊಮ್ಮೆ ಸರ್ಕಾರಕ್ಕೆ ತಿಳಿಸಲೂಬೇಕು.

ಪತ್ರದಲ್ಲಿ ಬೆದರಿಕೆ ಬೇಡ. ಬಿಲ್‌ಗಳ ಪಟ್ಟಿ, ಮಾಲು ತಲುಪಿದ ದಿನ, ಬಡ್ಡಿ ಲೆಕ್ಕ, ಇಂಥ ದಿನದೊಳಗೆ ಕೊಡಿ ಅನ್ನುವ ಸಾಲು, ಇಷ್ಟು ಸಾಕು.

ಹಂತ 6: ಮಾಲು ನಿಲ್ಲಿಸಿ, ಕಂತಿಗೆ ಒಪ್ಪಿ, ಚೆಕ್ ತೆಗೆದುಕೊಳ್ಳಿ

ಹಳೆಯದು ಬರುವವರೆಗೆ ಹೊಸ ಮಾಲು ಕಳಿಸುವುದನ್ನು ನಿಲ್ಲಿಸಲು ಧೈರ್ಯ ಬೇಕು, ನಿಜ. ಆದರೆ ಬಾಕಿ ಬೆಳೆದಷ್ಟೂ ನಿಮ್ಮ ಮಾತಿಗೆ ಬೆಲೆ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲಿಸಲು ಆಗದಿದ್ದರೆ, ಹೊಸ ಮಾಲು ಅಡ್ವಾನ್ಸ್ ಮೇಲೆ, ಜೊತೆಗೆ ಪ್ರತಿ ಲೋಡಿಗೂ ಹಳೆಯದರಲ್ಲಿ ಇಷ್ಟು ಅಂತ ಮಾತಾಡಿ.

ಕೈ ಕಟ್ಟಿಹೋದ ಪಾರ್ಟಿಗೆ ಕಂತು ಮಾಡಿಕೊಡಿ. ಕಂತಿನ ಪತ್ರದಲ್ಲಿ ಒಟ್ಟು ಬಾಕಿ ಒಪ್ಪಿಕೊಂಡಿರಬೇಕು, ತಾರೀಖುಗಳಿರಬೇಕು, ಒಂದು ಕಂತು ತಪ್ಪಿದರೆ ಪೂರ್ತಿ ಮೊತ್ತ ಬಡ್ಡಿ ಸಮೇತ ತಕ್ಷಣ ಕೊಡಬೇಕು ಅಂತ ಇರಬೇಕು. ಪ್ರತಿ ಕಂತಿಗೂ ಚೆಕ್ ಇರಲಿ. ಭಾಗಶಃ ದುಡ್ಡು ಕೊಡುವಾಗ "ಫುಲ್ ಅಂಡ್ ಫೈನಲ್" ಅಂತ ಬರೆದ ಕಾಗದ ಮುಂದಿಟ್ಟರೆ, ಉಳಿದದ್ದನ್ನು ಬಿಡುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ ಸಹಿ ಮಾಡಿ.

ಚೆಕ್ ಬೌನ್ಸ್ ಆದರೆ ದಿನಗಳ ಲೆಕ್ಕ ಬಹಳ ಕಟ್ಟುನಿಟ್ಟು. ಚೆಕ್ ವಾಪಸ್ ಆಗಿದೆ ಅಂತ ಬ್ಯಾಂಕ್ ತಿಳಿಸಿದ 30 ದಿನದೊಳಗೆ ಬರವಣಿಗೆಯ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದಲ್ಲಿ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಎನ್‌ಐ ಕಾಯ್ದೆ 138ರ ಅಡಿ ದೂರು. ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ ಕೇಸು ನಿಮ್ಮ ಬ್ಯಾಂಕ್ ಶಾಖೆ ಇರುವ ಊರಿನಲ್ಲೇ ನಡೆಯುತ್ತದೆ, ಪಾರ್ಟಿಯ ಊರಿಗೆ ಅಲೆಯಬೇಕಿಲ್ಲ. "ಇನ್ನೊಂದು ವಾರ ತಡೆದು ಹಾಕಿ" ಅಂತ ಹೇಳುತ್ತಾ ಹೋದರೆ ಚೆಕ್ಕಿನ ಮೂರು ತಿಂಗಳ ಅವಧಿಯೇ ಮುಗಿದುಹೋಗುತ್ತದೆ, ಹುಷಾರು.

ಪಾರ್ಟಿ ದೊಡ್ಡ ಕಂಪನಿ, ಕೊಡುವುದು ಖಾತ್ರಿ, ಆದರೆ ನಿಧಾನ ಅನ್ನುವುದಾದರೆ ಟ್ರೆಡ್ಸ್ ನೋಡಿ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇಂಥ ವೇದಿಕೆಗಳು. ಕಂಪನಿ ಒಪ್ಪಿದ ಬಿಲ್ಲಿಗೆ ಬ್ಯಾಂಕುಗಳು ಸ್ವಲ್ಪ ಡಿಸ್ಕೌಂಟ್ ಹಿಡಿದು ನಿಮಗೆ ಮೊದಲೇ ದುಡ್ಡು ಕೊಡುತ್ತವೆ. ಆಮೇಲೆ ಕಂಪನಿ ಕೊಡದಿದ್ದರೆ ಅದು ನಿಮ್ಮ ತಲೆನೋವಲ್ಲ. ₹250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಇದಕ್ಕೆ ಸೇರುವುದು ಕಡ್ಡಾಯ.

ಹಂತ 7: ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ

ಮೊದಲು ವಕೀಲರ ಮೂಲಕ ಒಂದು ನೋಟಿಸ್ ಹೋಗಲಿ, ತಲುಪಿದ ಸ್ವೀಕೃತಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರ ಇಲ್ಲದಿದ್ದರೆ, ತಡ ಪಾವತಿಯ ಕೇಸು ನೋಡುವ ರಾಜ್ಯ ಸರ್ಕಾರದ ಮಂಡಳಿಯಾದ ಎಂಎಸ್‌ಇ ಫೆಸಿಲಿಟೇಶನ್ ಕೌನ್ಸಿಲ್. ಅರ್ಜಿ ಆನ್‌ಲೈನ್. ಕೇಂದ್ರ ಸಚಿವಾಲಯ 2017ರಲ್ಲಿ ಸಮಾಧಾನ್ ಪೋರ್ಟಲ್ ತಂದಿತು, 2025ರಲ್ಲಿ ಒಡಿಆರ್ (ಆನ್‌ಲೈನ್ ವ್ಯಾಜ್ಯ ಪರಿಹಾರ) ಪೋರ್ಟಲ್ ಶುರು ಮಾಡಿತು. ಉದ್ಯಮ್ ನಂಬರ್, ಪಿಒ, ಬಿಲ್‌ಗಳು, ಡೆಲಿವರಿ ಸಾಕ್ಷಿ, ಬಡ್ಡಿ ಲೆಕ್ಕದ ಹಾಳೆ ಸಿದ್ಧವಾಗಿರಲಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡು ವಿಷಯ. ಪಾರ್ಟಿ ಪುಣೆಯಲ್ಲಿರಲಿ, ದೆಹಲಿಯಲ್ಲಿರಲಿ, ಕರ್ನಾಟಕದ ಉದ್ಯಮ ಕರ್ನಾಟಕದ ಕೌನ್ಸಿಲ್‌ನಲ್ಲೇ ಕೇಸು ನಡೆಸಬಹುದು. ಪಿಒದಲ್ಲಿ "ಮುಂಬೈ ನ್ಯಾಯಾಲಯ ಮಾತ್ರ" ಅಂತ ಬರೆದಿದ್ದರೂ ಈ ಕಾಯ್ದೆಯದೇ ಮೇಲುಗೈ. ಇನ್ನೊಂದು, ಕೌನ್ಸಿಲ್ ಆದೇಶದ ವಿರುದ್ಧ ಪಾರ್ಟಿ ಕೋರ್ಟಿಗೆ ಹೋಗಬೇಕಿದ್ದರೆ ಆದೇಶದ ಮೊತ್ತದಲ್ಲಿ ಶೇ 75 ಮೊದಲು ಠೇವಣಿ ಇಡಬೇಕು. ಸುಮ್ನೆ ಎಳೆಯಲು ಮೇಲ್ಮನವಿ ಹಾಕುವವರಿಗೆ ಇದು ದೊಡ್ಡ ತಡೆ.

ಮೊದಲು ರಾಜಿ ಪ್ರಯತ್ನ, ಆಗದಿದ್ದರೆ ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಹೊರಗಿನ ತೀರ್ಪು. ಕಾಯ್ದೆಯಲ್ಲಿ 90 ದಿನ ಅಂತ ಇದೆ, ವಾಸ್ತವದಲ್ಲಿ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಮನಸ್ಸು ಸಿದ್ಧ ಇರಲಿ. ಮೂರು ವರ್ಷದ ಲಿಮಿಟೇಶನ್ ಹತ್ತಿರ ಬರುವವರೆಗೆ ಕಾಯದೆ ಅರ್ಜಿ ಹಾಕಿ. ನೋಟಿಸ್ ಹೋದ ಕೂಡಲೇ ಪಾರ್ಟಿಯೇ ಫೋನ್ ಮಾಡಿ "ಕೂತು ಮಾತಾಡೋಣ" ಅನ್ನುವುದೂ ಉಂಟು. ಮಾತಾಡಿ. ಬಡ್ಡಿಯಲ್ಲಿ ಸ್ವಲ್ಪ ಬಿಟ್ಟು ಅಸಲು ಪೂರ್ತಿ ಒಂದೇ ಸಲ ಬರುವುದಾದರೆ ತೆಗೆದುಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದುಡ್ಡು ಖಾತೆಗೆ ಬಂದ ಮೇಲಷ್ಟೇ ಅರ್ಜಿ ವಾಪಸ್.

ಹಂತ 8: ಕೋರ್ಟ್ ದಾರಿ

ಸಣ್ಣ ಮೊತ್ತಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ ಒಳ್ಳೆಯ ದಾರಿ. ಕೋರ್ಟ್ ಫೀ ಇಲ್ಲ, ರಾಜಿ ಆದರೆ ಅದೇ ಅಂತಿಮ, ಮೇಲ್ಮನವಿ ಇಲ್ಲ. ಆದರೆ ಪಾರ್ಟಿ ಬಂದು ಒಪ್ಪಬೇಕು.

₹3 ಲಕ್ಷ ಮತ್ತು ಮೇಲಿನ ವ್ಯವಹಾರದ ಬಾಕಿಗೆ ಕಮರ್ಷಿಯಲ್ ಕೋರ್ಟ್. ತುರ್ತು ಪರಿಹಾರ ಕೇಳದಿದ್ದರೆ ದಾವೆಗಿಂತ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಪಾರ್ಟಿ ಬರವಣಿಗೆಯಲ್ಲಿ ಬಾಕಿ ಒಪ್ಪಿರುವ ದಾಖಲೆ ಇದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 37ರ ಸಮ್ಮರಿ ದಾವೆ ಆಗುತ್ತದಾ ಅಂತ ವಕೀಲರನ್ನು ಕೇಳಿ, ಅದು ಮಾಮೂಲಿ ದಾವೆಗಿಂತ ಬೇಗ. ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯುವ ಐಬಿಸಿ ದಾರಿಗೆ ಬಾಕಿ ಕನಿಷ್ಠ ₹1 ಕೋಟಿ ಇರಬೇಕು, ತಕರಾರು ಮೊದಲಿನಿಂದ ಇದ್ದರೆ ಅರ್ಜಿ ನಿಲ್ಲುವುದಿಲ್ಲ. ಸಣ್ಣ ಯೂನಿಟ್‌ಗಳು ಇದರ ಹಿಂದೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಇವನ್ನು ಮಾತ್ರ ಮಾಡಬೇಡಿ

ಹುಡುಗರನ್ನು ಕಳಿಸಿ ಹೆದರಿಸುವುದು, ಪಾರ್ಟಿಯ ಮನೆಯವರಿಗೆ ಫೋನ್ ಮಾಡುವುದು, ಫೇಸ್‌ಬುಕ್ಕಿನಲ್ಲಿ ಹೆಸರು ಹಾಕಿ ಬರೆಯುವುದು, ಅವರ ಗೋಡೌನಿನಿಂದ ಮಾಲು ಎತ್ತಿಕೊಂಡು ಬರುವುದು. ಹೀಗೆ ಮಾಡಿದರೆ ಬಾಕಿ ಕೊಡಬೇಕಾದವನು ದೂರುದಾರ ಆಗುತ್ತಾನೆ, ನೀವು ಆರೋಪಿ ಆಗುತ್ತೀರಿ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಲು ಆಗದಿದ್ದರೆ ಪೊಲೀಸ್ ಠಾಣೆಗೆ ಹೋಗಿಯೂ ಪ್ರಯೋಜನ ಇಲ್ಲ, ಇದು ಸಿವಿಲ್ ವಿಷಯ ಅಂತ ಕಳಿಸುತ್ತಾರೆ.

ಬರುವುದೇ ಇಲ್ಲ ಅಂತ ಗೊತ್ತಾದರೆ

ಪಾರ್ಟಿ ಬಾಗಿಲು ಮುಚ್ಚಿ ಹೋಗಿದ್ದಾನೆ, ಆಸ್ತಿಯೂ ಇಲ್ಲ ಅಂತಾದರೆ ಸಿಎ ಹತ್ತಿರ ಮಾತಾಡಿ ಬ್ಯಾಡ್ ಡೆಟ್ ಅಂತ ಪುಸ್ತಕದಿಂದ ತೆಗೆಯಿರಿ. ಆದಾಯ ತೆರಿಗೆಯಲ್ಲಿ ಅದು ಖರ್ಚಾಗಿ ಸಿಗುತ್ತದೆ. ಕಟ್ಟಿದ ಜಿಎಸ್‌ಟಿ ಮಾತ್ರ ವಾಪಸ್ ಬರುವುದಿಲ್ಲ. ಸಣ್ಣವರ ಮೇಲೆ ಇದು ಅನ್ಯಾಯದ ಹೊರೆ, ಬದಲಾಗಲೇಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಅದೇ ಥರದ ಹೊಸ ಪಾರ್ಟಿ ಪಿಒ ಹಿಡಿದು ಬಂದರೆ, ಸಹಿ ಮಾಡುವ ಮೊದಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿ ರಿಟರ್ನ್ ಸರಿಯಾಗಿ ಕಟ್ಟುತ್ತಿದ್ದಾರಾ ನೋಡಿ. ಅವರಿಗೆ ಮಾಲು ಕೊಡುತ್ತಿರುವ ಇನ್ನಿಬ್ಬರನ್ನು ವಿಚಾರಿಸಿ. ಮೊದಲ ಆರ್ಡರಿಗೆ ಅರ್ಧ ಅಡ್ವಾನ್ಸ್ ಕೇಳಿ. ಉಳಿದದ್ದಕ್ಕೆ ಎಷ್ಟು ದಿನ, ತಡವಾದರೆ ಬಡ್ಡಿ ಎಷ್ಟು, ರಿಜೆಕ್ಷನ್ ಇದ್ದರೆ ಎಷ್ಟು ದಿನದೊಳಗೆ ತಿಳಿಸಬೇಕು ಅನ್ನುವ ಮೂರು ಸಾಲು ಪಿಒದಲ್ಲೇ ಬರೆಸಿ, ಅವರ ಅಕೌಂಟ್ಸ್‌ನವರ ನಂಬರನ್ನು ಅವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.